ಜೋಳಿಗೆಯಲ್ಲಿ ಬಂದ ಶಾಲೆ

ಕನ್ನಡ ಶಾಲೆಯಲ್ಲಿ ಓದಿದವರೆಲ್ಲರಿಗೂ ಮುಪ್ಪಿನ ಷಡಕ್ಷರಿಯ ತಿರುಕ ಪರಿಚಿತ. ನಿದ್ದೆಯಲ್ಲಿ ರಾಜನಾಗಿ ಮೆರೆದು, ಎಚ್ಚರವಾದೊಡನೆ ಮತ್ತೆ ಭಿಕ್ಷುಕನಾಗುವ ಅವನ ಪಾಡನ್ನು ನಾವು ಬಾಯಿಪಾಠ ಮಾಡಿದ್ದೇವೆ, ನಕ್ಕಿದ್ದೇವೆ, ಪರೀಕ್ಷೆಯಲ್ಲಿ ಸಾರಾಂಶ ಬರೆದಿದ್ದೇವೆ. ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಬ್ಬ ತಿರುಕರಿದ್ದರು. ಆ ಹೆಸರನ್ನು ಯಾರೂ ಅವರಿಗೆ ಅಂಟಿಸಿದ್ದಲ್ಲ. ತಮ್ಮ ಕಥೆ, ನಾಟಕಗಳಿಗೆ ಅಂಕಿತವಾಗಿ ಅವರೇ ಆರಿಸಿಕೊಂಡದ್ದು. ಜನ ಅವರನ್ನು ಮಲ್ಲಾಡಿಹಳ್ಳಿ ಸ್ವಾಮೀಜಿ ಎಂದು ಕರೆದರು. ಪೂರ್ತಿ ಹೆಸರು ರಾಘವೇಂದ್ರ ಸ್ವಾಮೀಜಿ.

ನಾನು ಮೊದಲ ಬಾರಿ ಮಲ್ಲಾಡಿಹಳ್ಳಿಗೆ ಹೋದದ್ದು ಅವರು ತೀರಿಕೊಂಡ ನಂತರ. ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು, ವಾಣಿವಿಲಾಸ ಸಾಗರದ ಕಡೆಯಿಂದ ಹೊಸದುರ್ಗಕ್ಕೆ ಬಂದು, ಅಲ್ಲಿಂದ ಹೊಳಲ್ಕೆರೆ ಸೀಮೆಗೆ ಹೊಕ್ಕೆ. ಈ ದಾರಿಯಲ್ಲಿ ಸಾಗಿದವರಿಗೆ ಜಿಲ್ಲೆಯ ಸ್ವಭಾವ ಪುಸ್ತಕದ ಸಹಾಯವಿಲ್ಲದೆ ತಿಳಿಯುತ್ತದೆ. ಮೊದಲು ಕುರುಚಲು ಗುಡ್ಡ, ಬೋಳು ಹೊಲ, 1907ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ನೀರು ಹರಿಯುವಲ್ಲಿ ಮಾತ್ರ ಹಸಿರು, ಮತ್ತೆ ಬಯಲು. ಹೊಳಲ್ಕೆರೆ ಸಮೀಪಿಸಿದಂತೆ ತೆಂಗು, ಅಡಿಕೆ ಕಾಣಿಸಿಕೊಳ್ಳುತ್ತವೆ. ತೋಟವಿದ್ದವರ ಮನೆಯ ಮಗುವಿಗೂ, ತೋಟದಲ್ಲಿ ಕೂಲಿಗೆ ಹೋಗುವವರ ಮಗುವಿಗೂ ನಡುವೆ ಒಂದೇ ಬೇಲಿ. ಗೊಲ್ಲರ ಹಟ್ಟಿ, ಲಂಬಾಣಿ ತಾಂಡಾ, ನಾಯಕರ ಕೇರಿ, ಮಾದಿಗರ ಹಟ್ಟಿ ಇವೆಲ್ಲ ಶಾಲೆಯಿಂದ ದೂರವಿದ್ದದ್ದು ಮೈಲಿಯ ಲೆಕ್ಕದಲ್ಲಿ ಮಾತ್ರವಲ್ಲ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದವರು. ಈ ಅಂಕಿಯನ್ನು ಬದಿಗಿಟ್ಟು ಇಲ್ಲಿನ ಶಿಕ್ಷಣದ ಕಥೆ ಹೇಳಲು ಬಾರದು.

ಸ್ವಾಮೀಜಿ ಈ ಸೀಮೆಯವರಲ್ಲ. ಬಾಲ್ಯ ಕಳೆದದ್ದು ಕರಾವಳಿಯ ಬಾರ್ಕೂರಿನಲ್ಲಿ. ಯೋಗ, ವ್ಯಾಯಾಮ, ಆಯುರ್ವೇದ ಈ ಮೂರನ್ನು ಕಲಿತು, ಊರೂರು ಸುತ್ತಿ ಶಿಬಿರ ನಡೆಸುತ್ತಿದ್ದ ಸಂಚಾರಿ. ಆಶ್ರಮದವರು ಒಪ್ಪುವ ಲೆಕ್ಕದಂತೆ ಹುಟ್ಟಿದ್ದು 1890ರಲ್ಲಿ. ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಆರಂಭವಾದದ್ದು 1943ರಲ್ಲಿ. ಅಂದರೆ ಆಗ ಅವರಿಗೆ ಐವತ್ಮೂರು ವರ್ಷ. ಸರ್ಕಾರಿ ನೌಕರರಾಗಿದ್ದರೆ ನಿವೃತ್ತಿಯ ಕಾಗದಪತ್ರ ಹೊಂದಿಸುವ ವಯಸ್ಸು. ಅಲ್ಲಿಂದ ಮುಂದೆ ಇನ್ನೂ ಐವತ್ಮೂರು ವರ್ಷ ಅವರು ಅದೇ ಊರಿನಲ್ಲಿ ದುಡಿದರು. ನಡುವಯಸ್ಸು ದಾಟಿದ ಮೇಲೆ ಇನ್ನೇನು ಮಾಡಲು ಸಾಧ್ಯ ಎಂದು ಕೈಚೆಲ್ಲುವ ನಮ್ಮಂಥವರಿಗೆ ಈ ಲೆಕ್ಕ ಸ್ವಲ್ಪ ಮುಜುಗರ ತರುವಂಥದು.

1943 ಎಂಥ ವರ್ಷ ಎಂಬುದನ್ನು ನೆನೆಯಬೇಕು. ಮಹಾಯುದ್ಧ ನಡೆದಿತ್ತು. ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಸಾಯುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿಯೂ ಧಾನ್ಯದ ಅಭಾವ, ನಿಯಂತ್ರಣ, ಪಡಿತರ. ಕಾಲರಾ, ಪ್ಲೇಗಿನ ನೆನಪು ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿತ್ತು. ತನ್ನ ಹಗೇವಿನಲ್ಲಿ ಎಷ್ಟು ರಾಗಿ ಉಳಿದಿದೆ ಎಂದು ಪ್ರತಿ ಮನೆಯೂ ಎಣಿಸುತ್ತಿದ್ದ ಕಾಲದಲ್ಲಿ, ಪರರ ಮಕ್ಕಳಿಗೆ ಅನ್ನ ಹಾಕಿ ಅಕ್ಷರ ಕಲಿಸುತ್ತೇನೆಂದು ಒಬ್ಬ ಪರಸ್ಥಳದವರು ಜೋಳಿಗೆ ಹಿಡಿದು ಹೊರಟರು. ಅವರ ಬೆನ್ನಿಗೆ ಮಠವಿರಲಿಲ್ಲ, ಉಂಬಳಿ ಇರಲಿಲ್ಲ, ಆ ಸೀಮೆಯ ಪ್ರಬಲ ಜಾತಿಯ ಬೆಂಬಲವೂ ಹುಟ್ಟಿನಿಂದ ಬಂದುದಾಗಿರಲಿಲ್ಲ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂದದ್ದು 1913ರಲ್ಲಿ. ಎಲ್ಲ ಜಾತಿಯ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆಯಬೇಕೆಂಬ ಆದೇಶ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದ್ದು. ಆದರೆ ಬಾಗಿಲು ತೆರೆದರೆ ಸಾಲದು. ಹಳ್ಳಿಯ ಮಗು ಮಾಧ್ಯಮಿಕ ಶಾಲೆಗೆ, ಹೈಸ್ಕೂಲಿಗೆ ಬರಬೇಕಾದರೆ ಪಟ್ಟಣದಲ್ಲಿ ಮಲಗಲೊಂದು ಚಾಪೆ, ಎರಡು ಹೊತ್ತಿನ ಊಟ ಬೇಕು. ಆ ಕೆಲಸವನ್ನು ಮಾಡಿದ್ದು ಬಹುತೇಕ ವಿದ್ಯಾರ್ಥಿ ನಿಲಯಗಳು. ಗುಬ್ಬಿ ತೋಟದಪ್ಪನವರಂಥ ವರ್ತಕರು, 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಘಗಳು, ಚಿತ್ರದುರ್ಗದ ಮುರುಘಾ ಮಠದ ಜಯದೇವ ಜಗದ್ಗುರುಗಳು, ಧಾರವಾಡದ ಮುರುಘಾಮಠದಲ್ಲಿ 1917ರಿಂದ ಪ್ರಸಾದ ನಿಲಯ ನಡೆಸಿದ ಮೃತ್ಯುಂಜಯ ಸ್ವಾಮಿಗಳು ಇಲ್ಲದಿದ್ದರೆ ಕನ್ನಡ ನಾಡಿನ ವಿದ್ಯಾವಂತ ಮಧ್ಯಮ ವರ್ಗವೇ ಹುಟ್ಟುತ್ತಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಈ ಪುಟ ಓದುತ್ತಿರುವ ಅನೇಕರ ತಂದೆಯೋ ತಾತನೋ ಅಂಥದೊಂದು ನಿಲಯದ ಪಂಕ್ತಿಯಲ್ಲಿ ಉಂಡವರೇ ಆಗಿರಬಹುದು.

ಇವುಗಳಲ್ಲಿ ಹಲವು ಎಲ್ಲರನ್ನೂ ಸೇರಿಸಿಕೊಂಡವು. ಕೆಲವು ತಮ್ಮವರಿಗಷ್ಟೇ ಮೀಸಲಾದವು. ಸಂಘ ಕಟ್ಟುವಷ್ಟು ಶ್ರೀಮಂತರು, ವಕೀಲರು, ಅಮಲ್ದಾರರು ತಮ್ಮ ಜಾತಿಯಲ್ಲಿ ಇಲ್ಲದವರ ಮಕ್ಕಳ ಗತಿಯೇನು? ತಂದೆ ತಾಯಿ ಇಲ್ಲದವರ, ಇದ್ದೂ ಇಲ್ಲದಂತಾದವರ ಗತಿಯೇನು? ಅನಾಥ ಎಂಬ ಪದಕ್ಕೆ ಮಲ್ಲಾಡಿಹಳ್ಳಿಯಲ್ಲಿ ದೊರೆತ ಅರ್ಥ ಇದೆಂದು ನಾನು ತಿಳಿಯುತ್ತೇನೆ: ಹಿಂದೆ ಯಾವ ಸಂಘವೂ ನಿಂತಿಲ್ಲದ ಮಗು. ಆ ಹೆಸರಿನ ಫಲಕದಡಿಯಲ್ಲಿ ಓದುವುದು ಮಕ್ಕಳಿಗೆ ಅವಮಾನವಲ್ಲವೇ ಎಂಬ ಅನುಮಾನ ನನ್ನನ್ನೂ ಕಾಡಿದ್ದುಂಟು. ಇಂದು ಅಂಥ ಹೆಸರಿಡಲು ಯಾರೂ ಒಪ್ಪಲಾರರು, ಒಪ್ಪಲೂ ಬಾರದು. ಆದರೆ ಆಶ್ರಮದ ಯಜಮಾನರೇ ತಮ್ಮನ್ನು ತಿರುಕನೆಂದು ಕರೆದುಕೊಂಡಿದ್ದಾಗ, ಅನಾಥನೆನಿಸಿಕೊಂಡ ಹುಡುಗನಿಗೆ ತಲೆ ತಗ್ಗಿಸುವ ಅಗತ್ಯ ಅಷ್ಟಾಗಿ ಕಂಡಿರಲಿಕ್ಕಿಲ್ಲ.

ಜೋಳಿಗೆಯ ವಿಚಾರಕ್ಕೆ ಬರೋಣ. ಅವರ ಆತ್ಮಕಥೆಯ ಹೆಸರೇ ಜೋಳಿಗೆಯ ಪವಾಡ. ಜಂಗಮರ ಜೋಳಿಗೆ, ದಾಸರ ಗೋಪಾಳ, ಜೋಗಿಗಳ ಭಿಕ್ಷಾಪಾತ್ರೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮನೆಬಾಗಿಲಿಗೆ ಬಂದವನಿಗೆ ಬೊಗಸೆ ಧಾನ್ಯ ನೀಡುವುದು ರೈತನ ಮನೆಯಲ್ಲಿ ಉಸಿರಾಟದಷ್ಟು ಸಹಜ. ಆ ಹಳೆಯ ರೂಢಿಯನ್ನು ಸ್ವಾಮೀಜಿ ಶಾಲೆಯ ಆದಾಯವನ್ನಾಗಿ ಪರಿವರ್ತಿಸಿದರು. ಇದರಲ್ಲಿ ನಾನು ಕಾಣುವುದು ಪವಾಡಕ್ಕಿಂತ ಹೆಚ್ಚಾಗಿ ಜಾಣ್ಮೆ. ಒಬ್ಬ ಧನಿಕನ ದೊಡ್ಡ ದೇಣಿಗೆಯಿಂದ ನಡೆಯುವ ಸಂಸ್ಥೆ ಆ ಧನಿಕನ ಮುಖ ನೋಡಬೇಕಾಗುತ್ತದೆ. ಸಾವಿರ ಮನೆಗಳ ಹಿಡಿ ಹಿಡಿ ಧಾನ್ಯದಿಂದ ನಡೆಯುವ ಸಂಸ್ಥೆ ಯಾರ ಹಂಗಿಗೂ ಸಿಕ್ಕುವುದಿಲ್ಲ. ಅಥವಾ ಎಲ್ಲರ ಹಂಗಿಗೂ ಸಿಕ್ಕುತ್ತದೆ, ಆಗ ಅದು ಹಂಗಾಗಿ ಉಳಿಯುವುದಿಲ್ಲ. ಸೇರು ರಾಗಿ ಕೊಟ್ಟವನಿಗೂ ಆ ಶಾಲೆ ತನ್ನದೇ ಎನಿಸುತ್ತದೆ.

ಜನ ಕೊಟ್ಟದ್ದು ಬರಿಯ ಧರ್ಮಬುದ್ಧಿಯಿಂದ ಎಂದೂ ನಾನು ನಂಬುವುದಿಲ್ಲ. ಸ್ವಾಮೀಜಿ ವೈದ್ಯರಾಗಿದ್ದರು. ಅಭಿನವ ಧನ್ವಂತರಿ ಎಂದೇ ಜನ ಅವರನ್ನು ಕರೆಯುತ್ತಿದ್ದರು. ಆಸ್ಪತ್ರೆ ಎಂಬುದು ತಾಲ್ಲೂಕು ಕೇಂದ್ರದಾಚೆಗೆ ಕಾಣದಿದ್ದ ದಿನಗಳಲ್ಲಿ, ಮಗುವಿನ ಜ್ವರಕ್ಕೋ ಮುದುಕಿಯ ಕೀಲುನೋವಿಗೋ ಮದ್ದು ಕೊಟ್ಟ ಕೈ ಮುಂದೊಂದು ದಿನ ಜೋಳಿಗೆ ಚಾಚಿದರೆ ಯಾರು ತಾನೆ ಇಲ್ಲವೆಂದಾರು? ಒಂದು ಕೈಯಿಂದ ಔಷಧಿ, ಇನ್ನೊಂದರಲ್ಲಿ ಜೋಳಿಗೆ. ನಡುವೆ ಶಾಲೆ ಬೆಳೆಯಿತು. ಇದು ನನ್ನ ಎಣಿಕೆ. ಭಕ್ತರು ಬೇರೆ ರೀತಿ ವಿವರಿಸಬಹುದು.

ಅವರ ಪಾಠಕ್ರಮದಲ್ಲಿ ದೇಹಕ್ಕೆ ದೊರೆತ ಸ್ಥಾನ ಇನ್ನೊಂದು ವಿಶೇಷ. ಸ್ಲೇಟಿಗೆ ಮುನ್ನ ಸೂರ್ಯನಮಸ್ಕಾರ. ಯೋಗವೆಂದರೆ ಮಧ್ಯಮ ವರ್ಗದವರು ಚಾಪೆ ಕೊಂಡು, ಶುಲ್ಕ ಕಟ್ಟಿ ಕಲಿಯುವ ವಿದ್ಯೆಯಾಗುವುದಕ್ಕೆ ಬಹಳ ಮೊದಲೇ ಅದನ್ನು ಅವರು ಅರೆಹೊಟ್ಟೆಯ ಹಳ್ಳಿಯ ಹುಡುಗರಿಗೆ ಕಲಿಸಿದರು. ಬಡವರ ಮಗುವಿಗೆ ಇರುವ ಒಂದೇ ಆಸ್ತಿ ಮೈಕಟ್ಟು; ಅದೂ ಕುಸಿದರೆ ಅಕ್ಷರ ಹೊರುವುದು ಯಾವುದರ ಮೇಲೆ? ಮಲ್ಲಾಡಿಹಳ್ಳಿಯಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿಯೂ ಬೆಳೆಯಿತು. ನಗರದ ಜನ ಡ್ರಿಲ್ ಮಾಸ್ತರರನ್ನು ಲಘುವಾಗಿ ಕಾಣುತ್ತಾರೆ. ಆದರೆ ಹೊಲವಿಲ್ಲದ ಕುಟುಂಬದ ಮೊದಲ ಮಗ ಆ ತರಬೇತಿ ಮುಗಿಸಿ ಪ್ರೌಢಶಾಲೆಯೊಂದರಲ್ಲಿ ಸೀಟಿ ಹಿಡಿದು ನಿಂತನೆಂದರೆ, ಆ ಮನೆಗೆ ತಿಂಗಳ ಸಂಬಳ ಬಂತು, ಅವನ ತಮ್ಮ ತಂಗಿಯರು ಓದಿದರು. ಆಯುರ್ವೇದ ಕಾಲೇಜು ಬಂತು. ಮದ್ದು ಅರೆಯುತ್ತಿದ್ದ ಆಶ್ರಮ ವೈದ್ಯರನ್ನು ಹೊರಕಳಿಸತೊಡಗಿತು. ಜೋಳಿಗೆಯಿಂದ ಆರಂಭವಾದ ಶಾಲೆ ಹಳ್ಳಿಯೊಂದನ್ನೇ ವಿದ್ಯಾಕೇಂದ್ರವನ್ನಾಗಿಸಿತು. ಈಗ ಜನ ಆ ಊರನ್ನು ತಿರುಕನೂರು ಎಂದೂ ಕರೆಯುವುದುಂಟು. ತಿರುಕ ಎಂಬ ಬೈಗುಳ ಒಂದು ಊರಿನ ಬಿರುದಾದ ಉದಾಹರಣೆ ಕನ್ನಡದಲ್ಲಿ ಇನ್ನೊಂದು ಇರಲಾರದು.

ಸ್ವಾಮೀಜಿಯ ಬಗೆಗೆ ಬರೆಯುವವರಿಗೆ ಒಂದು ತೊಡಕಿದೆ. ಅವರ ದೀರ್ಘಾಯುಷ್ಯ, ಯೋಗಸಿದ್ಧಿ, ಅವರಿಂದ ಯೋಗ ಕಲಿತ ಲಕ್ಷಾಂತರ ಜನರ ಎಣಿಕೆ, ಗುಣವಾದ ರೋಗಗಳ ಕಥೆಗಳು ಇವುಗಳ ಗದ್ದಲದಲ್ಲಿ ಶಾಲೆ ಮರೆಯಾಗಿಬಿಡುತ್ತದೆ. ನಾವು ಯಾರನ್ನಾದರೂ ಅನುಸರಿಸಲು ಇಷ್ಟವಿಲ್ಲದಿದ್ದಾಗ ಅವರನ್ನು ಪವಾಡಪುರುಷರನ್ನಾಗಿ ಮಾಡಿ ಕೈಮುಗಿಯುತ್ತೇವೆ. ಪವಾಡ ನಮ್ಮಿಂದ ಆಗದು, ಆದ್ದರಿಂದ ಹೊಣೆಯೂ ನಮ್ಮದಲ್ಲ! ಆದರೆ ಅವರು ಮಾಡಿದ್ದರಲ್ಲಿ ಹೆಚ್ಚಿನದು ಯಾರು ಬೇಕಾದರೂ ಮಾಡಬಹುದಾದದ್ದು: ನಡೆಯುವುದು, ಬೇಡುವುದು, ಲೆಕ್ಕ ಇಡುವುದು, ಅಡಿಗೆ ಮಾಡಿಸುವುದು, ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವುದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ಸ್ವಾತಂತ್ರ್ಯ ಬಂದು, ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣ ಕೊಡಿಸಲು ಪ್ರಯತ್ನಿಸುವುದಾಗಿ ಸಂವಿಧಾನ 1950ರಲ್ಲಿ ಹೇಳಿದ ನಂತರವೂ ಒಬ್ಬ ವೃದ್ಧರು ಅದೇ ಕಾರ್ಯಕ್ಕಾಗಿ ಭಿಕ್ಷೆ ಬೇಡುತ್ತಿದ್ದರೆ ಅದು ಯಾರ ಕೀರ್ತಿ, ಯಾರ ಅಪಕೀರ್ತಿ? ಸಂವಿಧಾನ ಕೊಟ್ಟುಕೊಂಡ ಗಡುವು ಹತ್ತು ವರ್ಷ. ಶಿಕ್ಷಣ ಮೂಲಭೂತ ಹಕ್ಕೆಂಬ ತಿದ್ದುಪಡಿ ಬಂದದ್ದು 2002ರಲ್ಲಿ. ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಹಸಿದ ಹೊಟ್ಟೆಗೆ ಪಾಠ ಹತ್ತದೆಂಬ ಸತ್ಯವನ್ನು ಮಲ್ಲಾಡಿಹಳ್ಳಿ 1943ರಲ್ಲೇ ಅಡಿಗೆಮನೆಯ ರೂಪದಲ್ಲಿ ಸಾರಿತ್ತು. ಕರ್ನಾಟಕ ಸರ್ಕಾರದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದೆಡೆಗೆ ಹಬ್ಬಿತು. ಆರು ದಶಕ! ಈ ಅಂತರದಲ್ಲಿ ಶಾಲೆಯಿಂದ ಹೊರಗುಳಿದ ತಲೆಮಾರುಗಳನ್ನು ಯಾವ ಕಾಯ್ದೆಯೂ ಮರಳಿ ಕರೆತರದು. ಜೋಳಿಗೆಯನ್ನು ಹೊಗಳುವುದು ಸರ್ಕಾರಕ್ಕೆ ರಿಯಾಯಿತಿ ಕೊಟ್ಟಂತೆ ಆಗಬಾರದೆಂಬ ಎಚ್ಚರ ನನಗಿದೆ. ಆದರೂ ಸರ್ಕಾರದ ಅನ್ನ ಬರುವತನಕ ಅಲ್ಲಿನ ಹುಡುಗ ಕಾಯಬೇಕಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಸ್ವಾಮೀಜಿ 1996ರ ಆಗಸ್ಟ್ 31ರಂದು ನಿಧನರಾದರು. ಅವರ ಬಲಗೈಯಂತಿದ್ದ ಸೂರದಾಸರು ಆಶ್ರಮವನ್ನು ಮುಂದುವರಿಸಿದರು. ಮರುವರ್ಷ ದಾವಣಗೆರೆ ಬೇರೆಯಾಗಿ, ಹಳೆಯ ಚಿತ್ರದುರ್ಗ ಜಿಲ್ಲೆಯ ನಕ್ಷೆಯೇ ಬದಲಾಯಿತು. ವಾಣಿಜ್ಯ ನಗರಿ ಆ ಕಡೆಗೆ ಹೋಯಿತು, ಬಯಲುಸೀಮೆ ಈ ಕಡೆಗೆ ಉಳಿಯಿತು. 2011ರಲ್ಲಿ ಜಿಲ್ಲೆಯ ಸಾಕ್ಷರತೆ ಶೇ 73.71, ರಾಜ್ಯದ ಸರಾಸರಿಗಿಂತ ಇನ್ನೂ ತುಸು ಕೆಳಗೆ.

ಸ್ವತಃ ನಾಟಕ ಬರೆದ ತಿರುಕರ ಊರಿನಲ್ಲಿ ರಂಗದಾಸೋಹವೆಂಬ ನಾಟಕೋತ್ಸವ ನಡೆದುಬಂದಿದೆ. ನಾನು ಹೋದ ದಿನ ನಾಟಕವಿರಲಿಲ್ಲ. ಸಂಜೆಯ ಊಟದ ಗಂಟೆ ಬಾರಿಸಿತ್ತು. ತಟ್ಟೆ ಹಿಡಿದ ಹುಡುಗರು ಸಾಲಾಗಿ ಕುಳಿತಿದ್ದರು. ಬಡಿಸುವವರು ನನ್ನನ್ನೂ ಕೂರಲು ಹೇಳಿದರು. ಪಕ್ಕದ ಹುಡುಗನನ್ನು ನಿನ್ನ ಊರು ಯಾವುದೆಂದು ಕೇಳಿದೆ. ಅವನು ತಾಂಡಾದ ಹೆಸರು ಹೇಳಿ, ನನಗೆ ಅದು ತಿಳಿದಿರಲಾರದೆಂದು ತಾನೇ ಊಹಿಸಿ, ಹೊಸದುರ್ಗದಿಂದ ಯಾವ ಬಸ್ಸಿಗೆ ಹತ್ತಿ ಎಲ್ಲಿ ಇಳಿಯಬೇಕೆಂದು ವಿವರಿಸತೊಡಗಿದ.