ಹಲ್ಲು ಕೀಳಿಸುವ ಭಯಕ್ಕೆ ಮದ್ದು ಹುಡುಕಿದ ಹೊರೇಸ್ ವೆಲ್ಸ್

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಹಲ್ಲುನೋವು ಶುರುವಾದ್ರೆ ಮೊದಲು ನೆನಪಾಗೋದು ಡಾಕ್ಟರ್ ಅಲ್ಲ, ಅಡುಗೆಮನೆಯ ಲವಂಗ. ಆಮೇಲೆ ಉಪ್ಪುನೀರು, ಅದಾದ ಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆ. ಕೆನ್ನೆ ಊದಿ, ಎರಡು ರಾತ್ರಿ ನಿದ್ದೆಗೆಟ್ಟ ಮೇಲಷ್ಟೇ ಮೈಸೂರಿನ ಬಸ್ಸು. ದುಡ್ಡು, ದೂರ, ಹೊಲದ ಕೆಲಸ ಎಲ್ಲವೂ ಕಾರಣವೇ. ಆದರೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ ಇದೆ, ಅದು ಭಯ. ಸೂಜಿಯ ಭಯ, ಕೊರೆಯೋ ಮಷೀನಿನ ಸದ್ದಿನ ಭಯ, ಹಿಂದೆ ಯಾರಿಗೋ ಆದ ನೋವಿನ ಕಥೆ ಕೇಳಿ ಹುಟ್ಟಿದ ಭಯ. ಹೊಲದಲ್ಲಿ ಹಾವು ಕಂಡ್ರೂ ಹೆದರದವರು ಡೆಂಟಲ್ ಚೇರ್ ನೋಡಿ ಬೆವರುತ್ತಾರೆ.

ಈ ಭಯವನ್ನು ಹೇಡಿತನ ಅಂತ ನಗದೆ, ಬಿಡಿಸಲೇಬೇಕಾದ ಒಂದು ಸಮಸ್ಯೆ ಅಂತ ನೋಡಿದ ಹಲ್ಲಿನ ಡಾಕ್ಟರ್ ಒಬ್ಬ ಅಮೆರಿಕದಲ್ಲಿದ್ದ. ಹೆಸರು ಹೊರೇಸ್ ವೆಲ್ಸ್. ಬದುಕಿದ್ದು ಬರೀ 33 ವರ್ಷ. ಇವತ್ತು ಆಪರೇಷನ್ ಥಿಯೇಟರಿನಲ್ಲಿ ಯಾರೂ ಕಿರುಚದೆ ಮಲಗಿರೋದಕ್ಕೆ ಕಾರಣರಾದವರಲ್ಲಿ ಅವನೂ ಒಬ್ಬ. ಆದರೆ ಅವನ ಕಥೆ ಗೆದ್ದವನ ಕಥೆಯ ಹಾಗೆ ಇಲ್ಲ.

ವೆಲ್ಸ್ ಹುಟ್ಟಿದ್ದು 1815ರ ಜನವರಿ 21ರಂದು, ವರ್ಮಾಂಟ್ ರಾಜ್ಯದ ಹಾರ್ಟ್‌ಫರ್ಡ್ ಎಂಬ ಊರಲ್ಲಿ. 1834ರಲ್ಲಿ ಬಾಸ್ಟನ್ನಿಗೆ ಹೋಗಿ ದಂತವೈದ್ಯರ ಕೈಕೆಳಗೆ ಕೆಲಸ ಕಲಿತ. ಆಗ ಅಮೆರಿಕದಲ್ಲಿ ಡೆಂಟಲ್ ಕಾಲೇಜುಗಳೇ ಇರಲಿಲ್ಲ, ಮೊದಲನೆಯದು ಶುರುವಾಗಿದ್ದು 1840ರಲ್ಲಿ. ನಮ್ಮೂರ ಗ್ಯಾರೇಜಿನಲ್ಲಿ ಹುಡುಗರು ಕೆಲಸ ಕಲಿಯೋ ಹಾಗೆ ಅಲ್ಲಿ ಹಲ್ಲು ಕೀಳೋದನ್ನು ಕಲಿಯಬೇಕಿತ್ತು. 1836ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ (ಊರಿನ ಹೆಸರು ಒಂದೇ, ಜಾಗ ಬೇರೆ) ಸ್ವಂತ ಕ್ಲಿನಿಕ್ ತೆರೆದ. ಎರಡೇ ವರ್ಷದಲ್ಲಿ ಹಲ್ಲಿನ ಆರೈಕೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಅದೇ ವರ್ಷ ಎಲಿಜಬೆತ್ ವೇಲ್ಸ್ ಜೊತೆ ಮದುವೆಯಾಯಿತು, ಮುಂದೆ ಚಾರ್ಲ್ಸ್ ಎಂಬ ಮಗ ಹುಟ್ಟಿದ.

ನಮಗೆ ಇಷ್ಟ ಆಗೋ ಇನ್ನೊಂದು ವಿಷಯ ಅಂದ್ರೆ ವೆಲ್ಸ್ ಒಳಗೊಬ್ಬ ಇಂಜಿನಿಯರ್ ಇದ್ದ. ಕಲ್ಲಿದ್ದಲು ಜರಡಿ ಹಿಡಿಯುವ ಸಾಧನ, ಸ್ನಾನದ ಷವರ್ ಎರಡಕ್ಕೂ ಅವನು ಪೇಟೆಂಟ್ ಪಡೆದಿದ್ದ. ಕಣ್ಣೆದುರಿನ ತೊಂದರೆಗೆ ಉಪಾಯ ಹುಡುಕೋದು ಅವನ ಸ್ವಭಾವ. ಕ್ಲಿನಿಕ್ಕಿನಲ್ಲಿ ದಿನಾ ಅವನ ಕಣ್ಣೆದುರು ಇದ್ದ ತೊಂದರೆ ಒಂದೇ, ನೋವು. ಆ ಕಾಲದಲ್ಲಿ ಹಲ್ಲು ಕೀಳೋದು ಅಂದ್ರೆ ಇಕ್ಕಳ ಹಾಕಿ ಎಳೆಯೋದು, ಅಷ್ಟೇ. ಮರಗಟ್ಟಿಸುವ ಇಂಜೆಕ್ಷನ್ ಬರೋದಕ್ಕೆ ಇನ್ನೂ 40 ವರ್ಷ ಬಾಕಿ ಇತ್ತು.

1844ರ ಡಿಸೆಂಬರ್ 10ರ ಸಂಜೆ ಹಾರ್ಟ್‌ಫರ್ಡಿನಲ್ಲಿ ಒಂದು ಮೋಜಿನ ಪ್ರದರ್ಶನ ನಡೆಯಿತು. ಗಾರ್ಡನರ್ ಕೋಲ್ಟನ್ ಎಂಬುವನು ಟಿಕೆಟ್ ಇಟ್ಟು ಜನರಿಗೆ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ ಕುಡಿಸುತ್ತಿದ್ದ. ಈ ಅನಿಲವನ್ನು ಜೋಸೆಫ್ ಪ್ರೀಸ್ಟ್ಲಿ 1772ರಲ್ಲೇ ಕಂಡುಹಿಡಿದಿದ್ದ. ಇದು ನೋವು ಕಡಿಮೆ ಮಾಡುತ್ತೆ, ಶಸ್ತ್ರಚಿಕಿತ್ಸೆಗೆ ಉಪಯೋಗಕ್ಕೆ ಬರಬಹುದು ಅಂತ ಹಂಫ್ರಿ ಡೇವಿ 1800ರಲ್ಲೇ ಬರೆದಿದ್ದ. ಆದರೂ 44 ವರ್ಷ ಅದು ಜಾತ್ರೆಯ ಆಟದ ಹಾಗೇ ಉಳಿದಿತ್ತು. ಆ ಸಂಜೆ ಅನಿಲ ಎಳೆದುಕೊಂಡ ಸ್ಯಾಮ್ಯುಯೆಲ್ ಕೂಲಿ ಎಂಬ ಯುವಕ ಅತ್ತಿತ್ತ ಓಡಾಡಿ ಕಾಲಿಗೆ ಪೆಟ್ಟು ಮಾಡಿಕೊಂಡ. ನೋವೇ ಗೊತ್ತಾಗಿರಲಿಲ್ಲ. ಎಲ್ಲರೂ ನಗುತ್ತಿದ್ದರು. ವೆಲ್ಸ್ ಮಾತ್ರ ಆ ಕಾಲನ್ನು ನೋಡುತ್ತಿದ್ದ.

ಮರುದಿನವೇ ಪರೀಕ್ಷೆ. ಪ್ರಯೋಗಕ್ಕೆ ಅವನು ಯಾವ ರೋಗಿಯನ್ನೂ ಹುಡುಕಲಿಲ್ಲ, ತಾನೇ ಕುರ್ಚಿಯಲ್ಲಿ ಕುಳಿತ. ಕೋಲ್ಟನ್ ಅನಿಲ ಕೊಟ್ಟ, ಜೊತೆಯ ದಂತವೈದ್ಯ ಜಾನ್ ರಿಗ್ಸ್ ವೆಲ್ಸ್‌ನ ಒಂದು ದವಡೆ ಹಲ್ಲು ಕಿತ್ತ. ಎಚ್ಚರವಾದ ವೆಲ್ಸ್‌ಗೆ ಹೆಚ್ಚು ನೋವೇ ಆಗಿರಲಿಲ್ಲ. ಮುಂದಿನ ವಾರಗಳಲ್ಲಿ ತನ್ನ ರೋಗಿಗಳ ಮೇಲೆ ಇದನ್ನೇ ಬಳಸಿದ, ಬಹಳಷ್ಟು ಮಂದಿಗೆ ಕೆಲಸ ಮಾಡಿತು. ಇದಕ್ಕೆ ಪೇಟೆಂಟ್ ಮಾತ್ರ ತೆಗೆದುಕೊಳ್ಳಲಿಲ್ಲ. ಷವರಿಗೆ ಪೇಟೆಂಟ್ ಇರಲಿ, ನೋವಿನಿಂದ ಬಿಡುಗಡೆ ಗಾಳಿಯ ಹಾಗೆ ಎಲ್ಲರಿಗೂ ಸಿಗಬೇಕು ಅನ್ನೋದು ಅವನ ನಿಲುವು.

1845ರ ಜನವರಿಯಲ್ಲಿ ವೆಲ್ಸ್ ಬಾಸ್ಟನ್ನಿಗೆ ಹೋದ. ಹಿಂದೆ ಅವನ ಶಿಷ್ಯನೂ ಪಾಲುದಾರನೂ ಆಗಿದ್ದ ವಿಲಿಯಂ ಮಾರ್ಟನ್ ಅಲ್ಲೇ ಇದ್ದ. ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಒಬ್ಬನ ಹಲ್ಲು ಕೀಳುವ ಡೆಮೊ ಏರ್ಪಾಡಾಯಿತು. ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟರು. ಹಲ್ಲು ಕೀಳುವಾಗ ರೋಗಿ ಕೂಗಿಕೊಂಡ. ಸಭೆ ಇದೆಲ್ಲ ಮೋಸ ಅಂತ ಗೇಲಿ ಮಾಡಿತು. ತನಗೆ ಅಷ್ಟೇನೂ ನೋವಾಗಲಿಲ್ಲ ಅಂತ ಆ ರೋಗಿಯೇ ಆಮೇಲೆ ಹೇಳಿದ, ಆದರೆ ಅಷ್ಟರಲ್ಲಿ ಹಾಲ್ ಖಾಲಿಯಾಗಿತ್ತು. ವೈವಾ ಮುಗಿದ ಮೇಲೆ ನೆನಪಾಗೋ ಉತ್ತರಕ್ಕೆ ಮಾರ್ಕ್ಸ್ ಇಲ್ಲ ನೋಡಿ, ಹಾಗೇ ಆಯಿತು.

ಇಲ್ಲಿ ಸ್ವಲ್ಪ ನಿಂತು ತಾಂತ್ರಿಕವಾಗಿ ಯೋಚಿಸೋಣ. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ಬಹಳ ಕಡಿಮೆ ಕರಗುತ್ತೆ. ಅದಕ್ಕೇ ಅದರ ಪರಿಣಾಮ ಬೇಗ ಬರುತ್ತೆ, ಚೀಲ ತೆಗೆದರೆ ಅಷ್ಟೇ ಬೇಗ ಇಳಿಯುತ್ತೆ. ಜೊತೆಗೆ ಅದು ಬಲವಾದ ಅರಿವಳಿಕೆಯೂ ಅಲ್ಲ. ಸಾಮಾನ್ಯ ಒತ್ತಡದಲ್ಲಿ, ಉಸಿರಿಗೆ ಬೇಕಾದಷ್ಟು ಆಮ್ಲಜನಕ ಸೇರಿಸಿ ಕೊಟ್ಟರೆ ಅದೊಂದರಿಂದಲೇ ಪೂರ್ತಿ ಪ್ರಜ್ಞೆ ತಪ್ಪಿಸೋದು ಕಷ್ಟ. ವೆಲ್ಸ್ ಕೈಯಲ್ಲಿ ಇದ್ದದ್ದು ಒಂದು ಚೀಲ ಮಾತ್ರ. ಫ್ಲೋ ಮೀಟರ್ ಇಲ್ಲ, ಆಮ್ಲಜನಕದ ಮಿಶ್ರಣ ಇಲ್ಲ, ಎಷ್ಟು ಹೊತ್ತು ಕೊಡಬೇಕು ಅನ್ನೋ ಲೆಕ್ಕ ಇಲ್ಲ. ಅಂದ್ರೆ ಅವನ ಐಡಿಯಾ ಸರಿಯಾಗೇ ಇತ್ತು, ಕಂಟ್ರೋಲ್ ಇರಲಿಲ್ಲ.

ಬಾಸ್ಟನ್ನಿನಿಂದ ವಾಪಸ್ ಬಂದ ವೆಲ್ಸ್ ಕಾಯಿಲೆ ಬಿದ್ದ, ಕ್ಲಿನಿಕ್ ಮುಚ್ಚಿದ. ಹಕ್ಕಿಗಳ ಪ್ರದರ್ಶನ, ಷವರ್ ಮಾರಾಟ, ಹೀಗೆ ಏನೇನೋ ಮಾಡಿದ. ಅಷ್ಟರಲ್ಲಿ 1846ರ ಅಕ್ಟೋಬರ್ 16ರಂದು ಅದೇ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಈಥರ್ ಬಳಸಿ ಡೆಮೊ ಕೊಟ್ಟು ಗೆದ್ದುಬಿಟ್ಟ. ಕೂಡಲೇ ಪೇಟೆಂಟನ್ನೂ ಪಡೆದ. ಮೊದಲು ಕಂಡುಹಿಡಿದವನು ನಾನು ಅಂತ ವೆಲ್ಸ್ 1847ರಲ್ಲಿ ಪುಸ್ತಿಕೆ ಬರೆದ, ಪ್ಯಾರಿಸ್ಸಿಗೂ ಹೋಗಿ ಬಂದ. ಮಾರ್ಟನ್, ಅವನಿಗೆ ಈಥರ್ ಬಗ್ಗೆ ಹೇಳಿಕೊಟ್ಟಿದ್ದ ಚಾರ್ಲ್ಸ್ ಜಾಕ್ಸನ್, ಮತ್ತು ವೆಲ್ಸ್ ನಡುವೆ ಹೆಸರಿಗಾಗಿ ಜಗಳ ಬೆಳೆಯಿತು.

1848ರ ಜನವರಿಯಲ್ಲಿ ಅವನು ಹೆಂಡತಿ ಮಗನನ್ನು ಊರಲ್ಲೇ ಬಿಟ್ಟು ಒಬ್ಬನೇ ನ್ಯೂಯಾರ್ಕಿಗೆ ಬಂದ. ಹೊಸದಾಗಿ ಬಂದಿದ್ದ ಕ್ಲೋರೋಫಾರ್ಮನ್ನು ತನ್ನ ಮೇಲೆಯೇ ಪ್ರಯೋಗ ಮಾಡುತ್ತಾ ಅದರ ಚಟಕ್ಕೆ ಬಿದ್ದ. ಪಕ್ಕದಲ್ಲಿ ನಿಂತು ಸಾಕು ಅನ್ನೋರು ಯಾರೂ ಇರಲಿಲ್ಲ. ತನ್ನ 33ನೇ ಹುಟ್ಟುಹಬ್ಬದ ದಿನ, ಮತಿಗೆಟ್ಟ ಸ್ಥಿತಿಯಲ್ಲಿ, ಬೀದಿಯಲ್ಲಿ ಇಬ್ಬರು ಹೆಂಗಸರ ಮೇಲೆ ಆಸಿಡ್ ಎರಚಿ ಜೈಲು ಸೇರಿದ. ಅಮಲು ಇಳಿದ ಮೇಲೆ ತಾನು ಮಾಡಿದ್ದು ಗೊತ್ತಾಯಿತು. ಜನವರಿ 24ರಂದು ಜೈಲಿನಲ್ಲೇ ತನ್ನ ಪ್ರಾಣ ತೆಗೆದುಕೊಂಡ. ಆ ಹೆಂಗಸರಿಗೆ ಆದ ಅನ್ಯಾಯವನ್ನು ಅವನ ಸಾಧನೆ ಅಳಿಸೋದಿಲ್ಲ, ಅದನ್ನೂ ಅವನ ಬದುಕಿನ ಲೆಕ್ಕಕ್ಕೇ ಸೇರಿಸಬೇಕು. ಪ್ಯಾರಿಸ್ಸಿನ ವೈದ್ಯರ ಸಂಘ ಅವನನ್ನು ಗೌರವಿಸಿದ ಸುದ್ದಿ ತಲುಪಿದಾಗ ಅವನು ಇರಲಿಲ್ಲ.

ಅವನ ಐಡಿಯಾ ಮಾತ್ರ ಸಾಯಲಿಲ್ಲ. 1863ರಲ್ಲಿ ಅದೇ ಕೋಲ್ಟನ್ ಹಲ್ಲು ಕೀಳೋದಕ್ಕೆ ನಗೆ ಅನಿಲವನ್ನು ಮತ್ತೆ ತಂದ, ಸಾವಿರಾರು ಜನರಿಗೆ ಕೊಟ್ಟ. 1868ರಲ್ಲಿ ಷಿಕಾಗೋದ ಸರ್ಜನ್ ಎಡ್ಮಂಡ್ ಆಂಡ್ರೂಸ್ ಅದಕ್ಕೆ ಆಮ್ಲಜನಕ ಬೆರೆಸಬೇಕು ಅಂತ ತೋರಿಸಿದ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 1864ರಲ್ಲಿ ವೆಲ್ಸ್‌ಗೆ ಮನ್ನಣೆ ಕೊಟ್ಟಿತು. ಹಾರ್ಟ್‌ಫರ್ಡಿನ ಬುಷ್ನೆಲ್ ಪಾರ್ಕಿನಲ್ಲಿ ಅವನ ಪ್ರತಿಮೆ ಇದೆ.

ಇವತ್ತಿನ ಮಷೀನುಗಳಲ್ಲಿ ಮೂಗಿನ ಮಾಸ್ಕಿನ ಮೂಲಕ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾರೆ, ಆಮ್ಲಜನಕ ಸಾಮಾನ್ಯವಾಗಿ 30%ಗಿಂತ ಕೆಳಗೆ ಇಳಿಯದ ಹಾಗೆ ಲಾಕ್ ಇರುತ್ತೆ. ರೋಗಿ ಎಚ್ಚರವಾಗೇ ಇರ್ತಾನೆ, ಮಾತಾಡ್ತಾನೆ, ಭಯ ಮಾತ್ರ ಇಳಿದಿರುತ್ತೆ. ಕೊನೆಗೆ ಕೆಲವು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ತಲೆ ತಿಳಿಯಾಗುತ್ತೆ. ಇದು ಎಲ್ಲ ಕ್ಲಿನಿಕ್ಕಿನಲ್ಲೂ ಇರಲ್ಲ. ಆದರೆ ಹಲ್ಲು ಕೀಳುವಾಗ ಕೊಡುವ ಲಿಗ್ನೋಕೇನ್ ಇಂಜೆಕ್ಷನ್ ತಾಲ್ಲೂಕಿನ ಕ್ಲಿನಿಕ್ಕುಗಳಲ್ಲೂ ಇರುತ್ತೆ. ಸೂಜಿಗೇ ಹೆದರುವವರಿಗೆ ಮೊದಲು ಒಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಬಹುದು. ತುಂಬಾ ಹೆದರುವವರಿಗೆ, ಚಿಕ್ಕ ಮಕ್ಕಳಿಗೆ, ನಿದ್ದೆ ಬರಿಸಿ ಮಾಡುವ ಚಿಕಿತ್ಸೆಯೂ ಉಂಟು, ಅದಕ್ಕೆ ಅರಿವಳಿಕೆ ತಜ್ಞರಿರುವ ಆಸ್ಪತ್ರೆ ಬೇಕು. ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯಾದಂಥ ಡೆಂಟಲ್ ಕಾಲೇಜುಗಳಿವೆ, ಅಲ್ಲಿ ವಿಚಾರಿಸಬಹುದು. ಯಾರಿಗೆ ಯಾವುದು ಸರಿ ಅನ್ನೋದನ್ನು ಡಾಕ್ಟರೇ ಹೇಳಬೇಕು.

ಎಲ್ಲಕ್ಕಿಂತ ಸುಲಭದ್ದು, ದುಡ್ಡೇ ಬೇಡದ್ದು ಒಂದಿದೆ. ನನಗೆ ಭಯ ಆಗ್ತಿದೆ ಅಂತ ಮೊದಲೇ ಹೇಳೋದು. ಕೈ ಎತ್ತಿದರೆ ನಿಲ್ಲಿಸಿ ಅಂತ ಒಪ್ಪಂದ ಮಾಡಿಕೊಳ್ಳೋದು. ಎಲೆಅಡಿಕೆ, ಕಡ್ಡಿಪುಡಿ ಹಾಕುವ ನಮ್ಮ ಮನೆಯ ಹಿರಿಯರಿಗಂತೂ ಇದು ಇನ್ನೂ ಮುಖ್ಯ. ಬಾಯಲ್ಲಿ ಎರಡು ವಾರವಾದರೂ ವಾಸಿಯಾಗದ ಹುಣ್ಣಿದ್ದರೆ ಭಯದಿಂದ ಮುಂದೂಡುವ ಒಂದೊಂದು ತಿಂಗಳೂ ದುಬಾರಿ. ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿಯೋ ದೊಡ್ಡಪ್ಪನೋ ಕೆನ್ನೆ ಹಿಡಿದು ಕೂತಿದ್ದರೆ, ಲವಂಗ ಕೊಟ್ಟು ಸುಮ್ಮನಾಗಬೇಡಿ. ಜೊತೆಗೆ ಹೋಗಿ.