ವಕೀಲರಾಗಿದ್ದ ಅಬ್ರಹಾಂ ಲಿಂಕನ್ನರು

ಅಬ್ರಹಾಂ ಲಿಂಕನ್ನರು ತಮ್ಮ ಮಗನ ಶಿಕ್ಷಕರಿಗೆ ಬರೆದರೆನ್ನಲಾದ ಪತ್ರವನ್ನು ನಮ್ಮ ಶಾಲೆಗಳ ಗೋಡೆಗಳ ಮೇಲೆ ನಾವೆಲ್ಲರೂ ಓದಿದ್ದೇವೆ. ಅದನ್ನು ಅವರೇ ಬರೆದರೆಂಬುದಕ್ಕೆ ಆಧಾರವಿಲ್ಲ. ಆದರೆ ನ್ಯಾಯಾಲಯಗಳ ಕಡತಗಳಲ್ಲಿ ಇಂದಿಗೂ ಉಳಿದಿರುವ, ಆಧಾರಕ್ಕೆ ಕೊರತೆಯೇ ಇಲ್ಲದ ಅವರ ಬದುಕಿನ ದೊಡ್ಡ ಭಾಗವೊಂದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಅವರು ಅಮೆರಿಕದ ಅಧ್ಯಕ್ಷರಾಗಿದ್ದುದು ನಾಲ್ಕು ವರ್ಷಕ್ಕಿಂತ ತುಸು ಹೆಚ್ಚು ಕಾಲ; ವಕೀಲರಾಗಿ ದುಡಿದದ್ದು ಸುಮಾರು 25 ವರ್ಷ.

1809ರ ಫೆಬ್ರವರಿ 12ರಂದು ಕೆಂಟಕಿಯ ಮರದ ದಿಮ್ಮಿಯ ಮನೆಯೊಂದರಲ್ಲಿ ಜನಿಸಿದ ಅವರಿಗೆ ದೊರೆತ ಶಾಲಾ ಶಿಕ್ಷಣ ಎಲ್ಲ ಕೂಡಿಸಿದರೂ ಒಂದು ವರ್ಷವಾಗದು. ತಾರುಣ್ಯದಲ್ಲಿ ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ವಿಲಿಯಂ ಬೆರ್ರಿ ಎಂಬವರೊಡನೆ ಪಾಲಿನಲ್ಲಿ ಅಂಗಡಿ ತೆರೆದರು. ವ್ಯಾಪಾರ ನಡೆಯಲಿಲ್ಲ. 1835ರಲ್ಲಿ ಬೆರ್ರಿಯವರೂ ತೀರಿಕೊಂಡಾಗ ಪಾಲುದಾರರ ಸಾಲವೂ ಸೇರಿ ಸುಮಾರು 1,100 ಡಾಲರುಗಳ ಹೊರೆ ಇವರ ಮೇಲೆ ಬಿತ್ತು. ಊರು ಬಿಟ್ಟು ಓಡಿಹೋಗುವವರು ಆ ಸೀಮೆಯಲ್ಲಿ ಕಡಿಮೆಯಿರಲಿಲ್ಲ. ಇವರು ವರ್ಷಗಟ್ಟಲೆ ದುಡಿದು ತೀರಿಸಿದರು. ಸಾಲದ ಪತ್ರಕ್ಕೆ ಸಹಿ ಹಾಕಿದವನ ಸಂಕಟವನ್ನು ಅವರು ಪುಸ್ತಕದಿಂದ ಕಲಿತವರಲ್ಲ. ಕಾನೂನನ್ನು ಮಾತ್ರ ಎರವಲು ತಂದ ಪುಸ್ತಕಗಳಿಂದ ತಾವೇ ಓದಿ ಕಲಿತರು. 1836ರಲ್ಲಿ ಸನದು ಪಡೆದು, ಮರುವರ್ಷ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ನೆಲೆಸಿದರು. ಇಬ್ಬರು ಹಿರಿಯ ವಕೀಲರ ಜೊತೆಗೆ ಕೆಲಸ ಮಾಡಿದ ಬಳಿಕ, 1844ರಲ್ಲಿ ವಿಲಿಯಂ ಹರ್ಂಡನ್ ಎಂಬ ಕಿರಿಯರನ್ನು ಪಾಲುದಾರರನ್ನಾಗಿ ಮಾಡಿಕೊಂಡರು. ಬಂದ ಫೀಸಿನಲ್ಲಿ ಇಬ್ಬರಿಗೂ ಸಮಪಾಲು.

ಅವರ ಹೆಸರು ಸೇರಿದ 5,000ಕ್ಕೂ ಹೆಚ್ಚು ಮೊಕದ್ದಮೆಗಳನ್ನು ಸಂಶೋಧಕರು ಪತ್ತೆ ಹಚ್ಚಿದ್ದಾರೆ. ಕೊಲೆಯ ಮೊಕದ್ದಮೆಗಳು ಕಥೆಗಳಲ್ಲಿ ಮೆರೆದರೂ ಹೆಚ್ಚಿನವು ಸಾಲವಸೂಲಿ, ಪ್ರಾಮಿಸರಿ ನೋಟು, ಜಮೀನು, ಪಾಲುದಾರಿಕೆಯ ವ್ಯಾಜ್ಯಗಳು. ವರ್ಷಕ್ಕೆ ಎರಡು ಸಲ ನ್ಯಾಯಾಧೀಶರೊಡನೆ ಕುದುರೆಯ ಮೇಲೋ ಗಾಡಿಯಲ್ಲೋ ಜಿಲ್ಲೆಯಿಂದ ಜಿಲ್ಲೆಗೆ ಅಲೆಯಬೇಕಾಗಿತ್ತು. ಕಡತಗಳನ್ನಿಡುವಲ್ಲಿ ಅವರು ಶಿಸ್ತಿನವರಲ್ಲ. ಟೋಪಿಯೊಳಗಿಟ್ಟ ಪತ್ರವೊಂದು ಹೊಸ ಟೋಪಿ ಕೊಂಡ ಮೇಲೆ ಮರೆತೇಹೋಗಿ, ಅದಕ್ಕಾಗಿ ಕ್ಷಮೆ ಕೇಳಿದ್ದೂ ಉಂಟು. ಆದರೆ ಕಿರಿಯ ವಕೀಲರಿಗಾಗಿ ಬರೆದಿಟ್ಟ ಟಿಪ್ಪಣಿಯಲ್ಲಿ, ಕಕ್ಷಿಗಾರರನ್ನು ಆದಷ್ಟು ರಾಜಿಗೆ ಒಪ್ಪಿಸಬೇಕು, ಗೆದ್ದವನೂ ಎಷ್ಟೋ ಸಲ ಖರ್ಚಿನಲ್ಲಿ ಸೋತಿರುತ್ತಾನೆ ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸಿದ್ದಾರೆ.

ಇಲ್ಲಿ ಎರಡು ಮೊಕದ್ದಮೆಗಳನ್ನು ನಾವು ಜೊತೆಗಿಟ್ಟು ನೋಡಬೇಕು. ಮೊದಲನೆಯದು 1841ರದು. ನ್ಯಾನ್ಸ್ ಎಂಬ ಕಪ್ಪು ಹೆಣ್ಣುಮಗಳನ್ನು ಕೊಂಡಾತ ಬೆಲೆಗೆ ಬದಲಾಗಿ ಪ್ರಾಮಿಸರಿ ನೋಟು ಬರೆದುಕೊಟ್ಟಿದ್ದ. ಮಾರಿದವರ ಕಡೆಯವರು ಹಣಕ್ಕಾಗಿ ದಾವೆ ಹೂಡಿದರು. ಮೇಲುನೋಟಕ್ಕೆ ಬರೀ ಸಾಲದ ವ್ಯಾಜ್ಯ. ಲಿಂಕನ್ನರು ಕೊಂಡಾತನ ಪರವಾಗಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿ, ಇಲಿನಾಯ್ ನೆಲದಲ್ಲಿ ಪ್ರತಿಯೊಬ್ಬರೂ ಸ್ವತಂತ್ರರೆಂದೇ ಭಾವಿಸಬೇಕು, ಸ್ವತಂತ್ರ ವ್ಯಕ್ತಿಯ ಮಾರಾಟ ಅಸಿಂಧು, ಆದುದರಿಂದ ನೋಟಿಗೂ ಬೆಲೆಯಿಲ್ಲ ಎಂದು ಸಾಧಿಸಿದರು.

ಆರು ವರ್ಷಗಳ ಬಳಿಕ, 1847ರಲ್ಲಿ, ಅದೇ ಲಿಂಕನ್ನರು ಕೆಂಟಕಿಯ ರಾಬರ್ಟ್ ಮ್ಯಾಟ್ಸನ್ ಎಂಬ ಗುಲಾಮರ ಒಡೆಯನ ಪರವಾಗಿ ನಿಂತರು. ಇಲಿನಾಯಿಯ ತನ್ನ ಹೊಲದಲ್ಲಿ ದುಡಿಸಿಕೊಳ್ಳುತ್ತಿದ್ದ ಜೇನ್ ಬ್ರಯಂಟ್ ಎಂಬ ತಾಯಿಯನ್ನೂ ಅವಳ ನಾಲ್ಕು ಮಕ್ಕಳನ್ನೂ ಮರಳಿ ತನಗೊಪ್ಪಿಸಬೇಕೆಂಬುದು ಆತನ ಬೇಡಿಕೆ. ಅವರು ತಾತ್ಕಾಲಿಕವಾಗಿ ಮಾತ್ರ ಇಲ್ಲಿದ್ದರೆಂದು ಲಿಂಕನ್ನರು ವಾದಿಸಿದರು, ಸೋತರು. ತಾಯಿ ಮಕ್ಕಳು ಬಿಡುಗಡೆ ಹೊಂದಿದರು. ಬಂದ ಕಕ್ಷಿಗಾರನನ್ನು ತಿರಸ್ಕರಿಸದಿರುವುದು ವೃತ್ತಿಧರ್ಮವೆಂದು ಕೆಲವರು ಸಮರ್ಥಿಸಿದ್ದಾರೆ. ಆ ಸಮರ್ಥನೆ ನಮಗೆ ಒಪ್ಪಿಗೆಯಾಗದು. ಹಾಗೆಂದು ಈ ಸಂಗತಿಯನ್ನು ಮುಚ್ಚಿಟ್ಟು ಅವರ ಚರಿತ್ರೆಯನ್ನು ಹೇಳುವುದೂ ಸಲ್ಲದು. ಆ ದಿನ ಗೆದ್ದಿದ್ದರೆ ಐದು ಜೀವಗಳು ಮತ್ತೆ ದಾಸ್ಯಕ್ಕೆ ಹೋಗುತ್ತಿದ್ದವು.

1850ರ ದಶಕದಲ್ಲಿ ರೈಲ್ವೆ ಬಂದಿತು; ಅದರೊಡನೆ ದೊಡ್ಡ ವ್ಯಾಜ್ಯಗಳೂ ಬಂದವು. ಇಲಿನಾಯ್ ಸೆಂಟ್ರಲ್ ಕಂಪನಿಯ ಮೇಲೆ ಮೆಕ್ಲೀನ್ ಜಿಲ್ಲೆ ಹೇರಿದ ತೆರಿಗೆ ಸಲ್ಲದೆಂದು ಅವರು 1856ರಲ್ಲಿ ತೀರ್ಪು ಪಡೆದರು. ಕೇಳಿದ 5,000 ಡಾಲರ್ ಫೀಸನ್ನು ಕಂಪನಿ ಕೊಡದಿರಲು, ಮರುವರ್ಷ ಕಂಪನಿಯ ಮೇಲೆಯೇ ದಾವೆ ಹೂಡಿ ಗೆದ್ದರು. ಆಮೇಲೂ ಅದೇ ಕಂಪನಿಗೆ ವಕೀಲರಾಗಿ ಮುಂದುವರಿದರು! ಅದೇ 1857ರಲ್ಲಿ, ಮಿಸಿಸಿಪಿ ನದಿಗೆ ಕಟ್ಟಿದ ಮೊದಲ ರೈಲು ಸೇತುವೆಗೆ ಬಡಿದು ಸುಟ್ಟುಹೋದ ಎಫಿ ಆಫ್ಟನ್ ಹಡಗಿನ ಮೊಕದ್ದಮೆಯಲ್ಲಿ ಸೇತುವೆಯ ಪರ ವಾದಿಸಿದರು. ನದಿಯ ಸೆಳವು, ಕಂಬಗಳ ಅಂತರ ಎಲ್ಲವನ್ನೂ ಲೆಕ್ಕ ಹಾಕಿ ಪಂಚರ ಮುಂದಿಟ್ಟರು. ಪಂಚರಲ್ಲಿ ಒಮ್ಮತ ಮೂಡಲಿಲ್ಲ, ಸೇತುವೆ ಉಳಿಯಿತು.

ಇದಕ್ಕೆ ಎರಡು ವರ್ಷ ಮೊದಲು, 1855ರಲ್ಲಿ, ಕಟಾವು ಯಂತ್ರದ ಪೇಟೆಂಟಿನ ಮೊಕದ್ದಮೆಗಾಗಿ ಸಿನ್ಸಿನಾಟಿಗೆ ಹೋಗಿದ್ದರು. ಅಲ್ಲಿ ಎಡ್ವಿನ್ ಸ್ಟಾಂಟನ್ ಮೊದಲಾದ ಹೆಸರಾಂತ ವಕೀಲರು ಈ ಹಳ್ಳಿಗರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ವಾದಿಸುವ ಅವಕಾಶವೂ ಸಿಗಲಿಲ್ಲ. ಅವಮಾನ ನುಂಗಿಕೊಂಡು, ವಿಚಾರಣೆ ಮುಗಿಯುವವರೆಗೂ ಕುಳಿತು ಕೇಳಿದರು. ತಾವು ವಾದಿಸಲಿಲ್ಲವೆಂದು ಫೀಸಿನ ಚೆಕ್ಕನ್ನು ಹಿಂದಿರುಗಿಸಿದರು. ಕಕ್ಷಿಗಾರರು ಮತ್ತೆ ಕಳುಹಿಸಿದಾಗಷ್ಟೇ ಇಟ್ಟುಕೊಂಡರು. 1862ರ ಜನವರಿಯಲ್ಲಿ, ಅಂತರ್ಯುದ್ಧದ ನಡುವೆ, ಸಮರ ಖಾತೆಗೆ ಸಮರ್ಥರೊಬ್ಬರು ಬೇಕಾದಾಗ ಅಧ್ಯಕ್ಷ ಲಿಂಕನ್ನರು ಆರಿಸಿದ್ದು ಈ ಸ್ಟಾಂಟನ್ನರನ್ನೇ.

1861ರ ಫೆಬ್ರವರಿಯಲ್ಲಿ ಸ್ಪ್ರಿಂಗ್‌ಫೀಲ್ಡಿನಿಂದ ಹೊರಡುವ ಮುನ್ನ ಅವರು ಕಚೇರಿಗೆ ಬಂದು ಹಳೆಯ ಕಡತಗಳನ್ನು ನೋಡಿದರು. ಬಾಗಿಲ ಬಳಿಯ ನಾಮಫಲಕವನ್ನು ಇಳಿಸಬಾರದು, ಬದುಕಿದ್ದರೆ ಮರಳಿ ಬಂದು ವಕೀಲಿ ಮುಂದುವರಿಸುವೆನೆಂದು ತಿಳಿಸಿದ್ದನ್ನು ಹರ್ಂಡನ್ನರು ದಾಖಲಿಸಿದ್ದಾರೆ. 1865ರ ಏಪ್ರಿಲ್ 15ರ ಬೆಳಿಗ್ಗೆ ಗುಂಡೇಟಿನಿಂದ ಅವರ ಪ್ರಾಣ ಹೋದಾಗ ಹಾಸಿಗೆಯ ಬಳಿ ಇದ್ದವರಲ್ಲಿ ಸ್ಟಾಂಟನ್ನರೂ ಒಬ್ಬರು.