ಕಾರ್ಮಿಕರ ರಕ್ತದ ಋಣ

ಅನ್ನವಿಟ್ಟ ಧಣಿಯನ್ನು ಮರೆಯಬಾರದೆಂದು ಹಿರಿಯರು ನಮಗೆ ಕಲಿಸಿದ್ದಾರೆ. ಸಂಬಳ ಪಡೆಯುವವನು ಸಂಬಳ ಕೊಡುವವನಿಗೆ ಋಣಿ ಎಂಬುದು ಲೋಕರೂಢಿಯ ಮಾತು. ಆದರೆ ಕೊಡುವವನೂ ಪಡೆಯುವವನಿಗೆ ಋಣಿಯಾಗಿರಬೇಕೇ? ಈ ಪ್ರಶ್ನೆಗೆ ತಮ್ಮ ಬದುಕನ್ನೇ ಉತ್ತರವಾಗಿ ನೀಡಿದ ಒಬ್ಬ ಉದ್ಯಮಿಯನ್ನು ಈ ವಾರ ಸ್ಮರಿಸೋಣ. ಅವರು ಅರ್ಜೆಂಟೀನಾ ದೇಶದ ಎನ್ರಿಕೆ ಶಾ.

ಎನ್ರಿಕೆ ಹುಟ್ಟಿದ್ದು 1921ರ ಫೆಬ್ರವರಿ 26ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ಅರ್ಜೆಂಟೀನಾದ ಸಿರಿವಂತ ಮನೆತನದವರು. ಮಗುವಿಗೆ ನಾಲ್ಕು ವರ್ಷವಾಗಿದ್ದಾಗಲೇ ತಾಯಿ ತೀರಿಕೊಂಡರು. ಆಕೆಯ ಇಚ್ಛೆಯಂತೆ ತಂದೆ ಮಗನನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಎನ್ರಿಕೆ ನೌಕಾಪಡೆಯ ಶಾಲೆಯನ್ನು ಸೇರಿ ಅಧಿಕಾರಿಯಾದರು. 1943ರಲ್ಲಿ ಸಿಸಿಲಿಯಾ ಬುಂಗೆ ಅವರನ್ನು ವರಿಸಿದರು. ದಂಪತಿಗೆ ಒಂಬತ್ತು ಮಂದಿ ಮಕ್ಕಳಾದರು.

ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಓದಿದಂತೆಲ್ಲ ಅವರ ಮನಸ್ಸು ದುಡಿಯುವ ಜನರ ಕಡೆಗೆ ಹೊರಳಿತು. 1945ರಲ್ಲಿ ನೌಕಾಪಡೆಯನ್ನು ತೊರೆಯುವ ವೇಳೆಗೆ, ತಾನೂ ಒಬ್ಬ ಸಾಮಾನ್ಯ ಕಾರ್ಮಿಕನಾಗಿ ಬಾಳಬೇಕೆಂಬ ಆಸೆ ಅವರಲ್ಲಿ ಬಲವಾಗಿತ್ತು. ಆಗ ಅಮೆರಿಕದಲ್ಲಿದ್ದ ಅವರಿಗೆ ಅಲ್ಲಿನ ಗುರುವೊಬ್ಬರು ಬೇರೆ ದಾರಿ ತೋರಿಸಿದರು. ಅವರ ಹಿನ್ನೆಲೆಯವರು ಶುಭಸಂದೇಶವನ್ನು ಕೊಂಡೊಯ್ಯಬೇಕಾದ ಸ್ಥಳ ಉದ್ಯಮಿಗಳ ಲೋಕವೆಂದೂ, ಅಲ್ಲಿದ್ದೇ ಕಾರ್ಮಿಕರಿಗೆ ಹೆಚ್ಚು ನೆರವಾಗಬಹುದೆಂದೂ ಮನವರಿಕೆ ಮಾಡಿಕೊಟ್ಟರು. ಎನ್ರಿಕೆ ಆ ಸಲಹೆಗೆ ತಲೆಬಾಗಿದರು.

ಹೀಗೆ ಅವರು ಬ್ಯೂನಸ್ ಐರಿಸ್ ಸಮೀಪದ ಬೆರಾಸಾತೆಗಿಯಲ್ಲಿದ್ದ ರಿಗೋಲೊ ಗಾಜಿನ ಕಾರ್ಖಾನೆಯನ್ನು ಸೇರಿ, ಮುಂದೆ ಅದರ ಮುಖ್ಯಸ್ಥರಾದರು. ಅಲ್ಲಿ 3,000ಕ್ಕೂ ಮಿಕ್ಕಿ ಜನ ದುಡಿಯುತ್ತಿದ್ದರು. ಎನ್ರಿಕೆ ಕಚೇರಿಯ ಬಾಗಿಲು ಹಾಕಿಕೊಂಡು ಕುಳಿತವರಲ್ಲ. ಕುಲುಮೆಗಳ ನಡುವೆ ನಡೆದು ಕಾರ್ಮಿಕರನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ಅವರ ಮನೆಯ ಕಷ್ಟಸುಖಗಳನ್ನು ವಿಚಾರಿಸುತ್ತಿದ್ದರು. ಇದು ಕೇವಲ ದಯೆಯಾಗಿರಲಿಲ್ಲ. ದಯೆ ತೋರುವವನು ತಾನು ಮೇಲಿದ್ದೇನೆಂದು ತಿಳಿಯಬಹುದು. ಕೃತಜ್ಞನಾದವನು ತಾನು ಪಡೆದವನೆಂಬುದನ್ನು ಮರೆಯುವಂತಿಲ್ಲ. ಸಂತ ತೋಮಸ್ ಅಕ್ವಿನಾಸರು ಕೃತಜ್ಞತೆಯನ್ನು ನ್ಯಾಯವೆಂಬ ಸದ್ಗುಣದೊಂದಿಗೆ ಸೇರಿಸಿರುವುದು ಇದೇ ಕಾರಣಕ್ಕಾಗಿ. ಅದು ನಮ್ಮ ಔದಾರ್ಯವಲ್ಲ, ನಾವು ತೀರಿಸಬೇಕಾದ ಋಣ.

ಈ ಋಣವನ್ನು ಅವರು ಮಾತಿನಲ್ಲಿ ಮಾತ್ರ ಒಪ್ಪಿಕೊಳ್ಳಲಿಲ್ಲ. 1952ರಲ್ಲಿ ಅವರು ಕ್ರೈಸ್ತ ಉದ್ಯಮಿಗಳ ಸಂಘವನ್ನು ಕಟ್ಟಿದರು. ಕಾರ್ಮಿಕನ ಕೂಲಿ ಅವನೊಬ್ಬನ ಹೊಟ್ಟೆಗಷ್ಟೇ ಅಲ್ಲ, ಅವನ ಮಡದಿ ಮಕ್ಕಳಿಗೂ ಸಾಲಬೇಕೆಂದು ವಾದಿಸಿ, ಕುಟುಂಬ ಭತ್ಯೆಯ ವ್ಯವಸ್ಥೆ ತಮ್ಮ ದೇಶದಲ್ಲಿ ಜಾರಿಗೆ ಬರಲು ಆ ಸಂಘದ ಮೂಲಕ ಶ್ರಮಿಸಿದರು.

1957ರಲ್ಲಿ ಅವರಿಗೆ ಕ್ಯಾನ್ಸರ್ ರೋಗವಿರುವುದು ಪತ್ತೆಯಾಯಿತು. ಆದರೂ ಅವರು ಕೆಲಸ ಬಿಡಲಿಲ್ಲ. ನಿಜವಾದ ಪರೀಕ್ಷೆ ಎದುರಾದದ್ದು 1961ರಲ್ಲಿ. ಕಂಪನಿಯ ಮೇಲೆ ಹಿಡಿತ ಪಡೆದಿದ್ದ ಅಮೆರಿಕದ ಹೂಡಿಕೆದಾರರು 1,200 ಕಾರ್ಮಿಕರನ್ನು ಮನೆಗೆ ಕಳುಹಿಸಲು ತೀರ್ಮಾನಿಸಿದರು. ವ್ಯಾಪಾರ ಕುಸಿದಾಗ ಆಳುಗಳನ್ನು ಕಡಿಮೆ ಮಾಡುವುದು ಉದ್ಯಮದಲ್ಲಿ ಸರ್ವೇಸಾಮಾನ್ಯ. ಯಾರೂ ಎನ್ರಿಕೆಯನ್ನು ದೂರುತ್ತಿರಲಿಲ್ಲ. ಆದರೆ ರೋಗದಿಂದ ಬಳಲಿದ್ದ ಅವರು ಹಿಂಜರಿಯದೆ ಎದುರು ನಿಂತರು. ಯಾರ ಕೆಲಸವನ್ನೂ ಕಳೆಯದೆ ಬಿಕ್ಕಟ್ಟನ್ನು ದಾಟುವ ಯೋಜನೆಯನ್ನು ಮುಂದಿಟ್ಟರು. ಒಬ್ಬನನ್ನು ತೆಗೆದುಹಾಕಿದರೂ ತಾವೂ ಹೊರನಡೆಯುವುದಾಗಿ ಸ್ಪಷ್ಟಪಡಿಸಿದರು. ಕಾರ್ಮಿಕರು ಕೆಲಸದಲ್ಲಿ ಉಳಿದರು.

ಮರುವರ್ಷ ಅವರ ಸ್ಥಿತಿ ಗಂಭೀರವಾಯಿತು. ರಕ್ತ ಬೇಕೆಂಬ ಸುದ್ದಿ ಕಾರ್ಖಾನೆಯನ್ನು ತಲುಪಿದಾಗ 260 ಕಾರ್ಮಿಕರು ಆಸ್ಪತ್ರೆಗೆ ಧಾವಿಸಿದರು. ಅವರನ್ನು ಯಾರೂ ಬಲವಂತಪಡಿಸಿರಲಿಲ್ಲ. ಸ್ವಲ್ಪ ಚೇತರಿಸಿಕೊಂಡ ಎನ್ರಿಕೆ ಕಾರ್ಖಾನೆಯ ಜನರನ್ನು ಕೊನೆಯ ಬಾರಿ ಕಂಡು ವಂದನೆ ಸಲ್ಲಿಸಿದರು. ತಮ್ಮ ನರನಾಡಿಗಳಲ್ಲಿ ಈಗ ಹರಿಯುತ್ತಿರುವುದು ಬಹುಪಾಲು ಕಾರ್ಮಿಕರ ರಕ್ತವೆಂದು ಹೇಳಿಕೊಂಡು ಸಂತೋಷಪಟ್ಟರು. ಕಾರ್ಮಿಕನಾಗಬೇಕೆಂದು ಯೌವನದಲ್ಲಿ ಹಂಬಲಿಸಿದ್ದವರ ಆಸೆ ಹೀಗೆ ಈಡೇರಿತು. 1962ರ ಆಗಸ್ಟ್ 27ರಂದು, ತಮ್ಮ 41ನೆಯ ವಯಸ್ಸಿನಲ್ಲಿ, ಅವರು ಪ್ರಭುವಿನಲ್ಲಿ ನಿದ್ರೆ ಹೋದರು. 2021ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜನೀಯರೆಂದು ಸಾರಿದರು.

ಎನ್ರಿಕೆ ಅನುದಿನವೂ ಪರಮಪ್ರಸಾದವನ್ನು ಸ್ವೀಕರಿಸುತ್ತಿದ್ದರು. ಧರ್ಮಸಭೆ ಆ ಸಂಸ್ಕಾರಕ್ಕೆ ಗ್ರೀಕ್ ಭಾಷೆಯಲ್ಲಿ ಇಟ್ಟ ಹೆಸರಿನ ಅರ್ಥವೇ ಕೃತಜ್ಞತಾ ಸಮರ್ಪಣೆ. ಪೀಠದ ಮುಂದೆ ದೇವರಿಗೆ ವಂದನೆ ಸಲ್ಲಿಸಿದವರು ಕಾರ್ಖಾನೆಯಲ್ಲಿ ಮನುಷ್ಯರ ಋಣವನ್ನು ಮರೆಯಲಿಲ್ಲ.

ನಮ್ಮಲ್ಲಿ ಕಾರ್ಖಾನೆಗಳ ಒಡೆಯರು ವಿರಳ. ಆದರೆ ಅಂಗಡಿ ನಡೆಸುವವರಿದ್ದಾರೆ, ತೋಟ ಮಾಡುವವರಿದ್ದಾರೆ, ಮನೆಗೆಲಸಕ್ಕೆ ಜನರನ್ನು ಇಟ್ಟುಕೊಂಡವರಿದ್ದಾರೆ. ಲಾಭ ಬಂದಾಗ ಅವರಿಗೆ ಒಂದು ಒಳ್ಳೆಯ ಮಾತು ಹೇಳುವುದು ಕಷ್ಟವಲ್ಲ. ನಷ್ಟ ಬಂದಾಗ ಮೊದಲು ಯಾರ ಅನ್ನಕ್ಕೆ ಕೈ ಹಾಕುತ್ತೇವೆ ಎಂಬುದರಿಂದಲೇ ನಮ್ಮ ಕೃತಜ್ಞತೆಯ ನಿಜರೂಪ ತಿಳಿಯುತ್ತದೆ. ನಮ್ಮ ಮನೆಯ ದೀಪ ಯಾರ ಬೆವರಿನಿಂದ ಉರಿಯುತ್ತಿದೆಯೋ ಅವರ ಹೆಸರುಗಳನ್ನು ಈ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಒಮ್ಮೆ ಉಚ್ಚರಿಸೋಣ. ಹೆಸರು ಗೊತ್ತಿಲ್ಲದಿದ್ದರೆ, ನಾಳೆ ಕೇಳಿ ತಿಳಿಯೋಣ.